ಡಿಸೈನ್ ಸೇಫ್

‘ಆದ್ದರಿಂದ ಡಿಸೈನ್ ಸೇಫ್’ ಎಂಬ ಕೊನೆಯ ಸಾಲಿಗೆ ಕೆಂಪು ಗೆರೆ ಎಳೆದು ದ್ರಾಕ್ಷಾಯಿಣಿ ಮೇಡಂ ಸಿದ್ರಾಯನಿಗೆ ಸೊನ್ನೆ ಕೊಟ್ಟರು. ಗೋಡೆಗೆ ಕೂರಿಸಿ ಭಾರ ತೂಗುಹಾಕುವ ಬ್ರಾಕೆಟ್ಟಿನ ವಿನ್ಯಾಸ ಅದು. ಉಕ್ಕು ತಾಳಿಕೊಳ್ಳುವುದಕ್ಕಿಂತ ಹೆಚ್ಚಿನ ಒತ್ತಡ ಅದರ ಮೇಲೆ ಬೀಳುತ್ತದೆಂದು ಹುಡುಗನ ಲೆಕ್ಕವೇ ಹೇಳುತ್ತಿತ್ತು. ಆದರೂ ಕೆಳಗೆ ಸೇಫ್. ಮೆಕ್ಯಾನಿಕಲ್ ಹುಡುಗರು ಈ ಸಾಲನ್ನು ಕಾಗದದ ಕೊನೆಗೆ ‘ಇಂತಿ ನಿಮ್ಮ’ ಎಂದು ಬರೆಯುವ ಹಾಗೆ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಸೊನ್ನೆ ಉಳಿದರೆ ಇಂಟರ್ನಲ್ ಅಂಕ ಸಾಲದೆ ಸಿದ್ರಾಯ ಪರೀಕ್ಷೆಗೇ ಕೂರುವಂತಿರಲಿಲ್ಲ. ಮಸಗುಪ್ಪಿಯಿಂದ ಬಸ್ಸು ಬದಲಿಸಿಕೊಂಡು ಹುಕ್ಕೇರಿ ಕಡೆಯ ಈ ಕಾಲೇಜಿಗೆ ಬರುವವನು, ವರ್ಷ ಹೋದೀತೆಂದು ಹೆದರಿ ಮೇಡಂ ಇದ್ದ ವರ್ಕ್‌ಶಾಪಿಗೇ ಬಂದ. ಎಲ್ಲರೂ ಹಾಗೆಯೇ ಬರೆಯುತ್ತಾರೆ ಎಂದು ಗೋಗರೆದ.

ಮೇಡಂಗೆ ರೇಗಿತು. ತನ್ನ ಲೆಕ್ಕದಂತೆ ಅವನೇ ಮಾಡಿ ಗೋಡೆಗೆ ಕೂರಿಸಿದ್ದ ಬ್ರಾಕೆಟ್ಟಿನ ಹತ್ತಿರ ಅವನನ್ನು ಕರೆದೊಯ್ದರು.

“ಈಗ ಇದಕ್ಕ ಹಳೇ ಗೇರ್‌ಬಾಕ್ಸ್ ತೂಗ ಹಾಕಸ್ತೀನಿ. ನಿನ್ನ ಮೊಬೈಲ್ ಬುಡಕ ಇಡು.”

ಸಿದ್ರಾಯ ಮೊಬೈಲ್ ತೆಗೆದ. ಹೊಸದು. ಬ್ರಾಕೆಟ್ ನೋಡಿದ, ಮೊಬೈಲ್ ನೋಡಿದ, ಮತ್ತೆ ಕಿಸೆಗೆ ಇಳಿಸಿದ.

“ಇದು ಸೇಫ್ ಇಲ್ರಿ ಮೇಡಂ.”

“ಇದನ್ನ ಹಾಳ್ಯಾಗ ಬರದಿದ್ರ ಆಗ್ತಿತ್ತಲ್ಲ. ಬರಿ ಈಗ.”

ಅವನು ಬರೆದ. ಪರೀಕ್ಷೆಗೆ ಕೂರುವಷ್ಟು ಅಂಕ ಹಾಕಿದರು. ಒಬ್ಬನಿಗಾದರೂ ಪಾಠ ತಲೆಗೆ ಹತ್ತಿತಲ್ಲ ಎಂದು ಮೇಡಂಗೆ ನಿಜವಾಗಿಯೂ ಖುಷಿಯಾಗಿತ್ತು. ಗೋಕಾಕದ ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಹೆಗಲಿಗೇರಿಸಿದರು.

ಸಿದ್ರಾಯ ಮಾತ್ರ ಹೊರಡಲಿಲ್ಲ. ಪಕ್ಕದಲ್ಲೇ, ಹುಡುಗರಿಗೆ ಮಾದರಿಯಾಗಲೆಂದು ಮೇಡಂ ಮಾಡಿಸಿ ಹಾಕಿದ್ದ ಬ್ರಾಕೆಟ್ ಇತ್ತು. ಅದಕ್ಕಿನ್ನೂ ಯಾರೂ ಏನನ್ನೂ ತೂಗುಹಾಕಿರಲಿಲ್ಲ. ಅದರ ಲೆಕ್ಕವನ್ನು ಮೇಡಂ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತಾರೆ. ಆ ಲೆಕ್ಕ ಅವರಿಗೆ, ಹಿಂದೆ ಇದೇ ಪಾಠ ಹೇಳಿ ನಿವೃತ್ತರಾದ ಸರ್ ಕಡೆಯಿಂದ ಹಾಗೆಯೇ ಬಂದದ್ದು. ಅದರಲ್ಲೂ ಕೊನೆಯ ಸಾಲು ‘ಆದ್ದರಿಂದ ಡಿಸೈನ್ ಸೇಫ್’.

ಹುಡುಗನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ.

“ಮೇಡಂ, ಇದರ ಬುಡಕ ನಿಮ್ಮ ಮೊಬೈಲ್ ಇಡ್ತೀರೇನ್ರಿ?”

“ಅದಕ್ಕೇನ?” ಎಂದು ಮೇಡಂ ಬ್ಯಾಗಿಗೆ ಕೈ ಹಾಕಿದರು. ಕೈ ಸ್ವಲ್ಪ ಹೊತ್ತು ಒಳಗೇ ಉಳಿಯಿತು.

ಹೊರಗೆ ಬಂದದ್ದು ಕ್ಯಾಲ್ಕುಲೇಟರ್.