ಕದ್ದ ಬಿಸಿಲು

ಬಾಗಿಲು ಬಡಿದ ಸದ್ದಾಯಿತು. ಒಮ್ಮೆ, ಮತ್ತೊಮ್ಮೆ, ಇನ್ನೂ ಜೋರಾಗಿ.

ಸುಜಾತಾ ಮೇಲೇಳಲಿಲ್ಲ. ಅವಳ ಕಣ್ಣು ಗೋಡೆಯ ಇನ್ವರ್ಟರಿನ ಕೆಂಪು ದೀಪದಲ್ಲಿ ನೆಟ್ಟಿತ್ತು. ಇನ್ವರ್ಟರು ಕೀ ಕೀ ಎಂದು ಚೀರತೊಡಗಿ ಹತ್ತು ನಿಮಿಷವಾಗಿತ್ತು. ಮಂಚದ ಮೇಲೆ ಗಂಡ ಅಣವೀರ. ಇಪ್ಪತ್ತು ವರ್ಷ ಶಹಾಬಾದಿನ ಫರಸಿ ಕಲ್ಲಿಗೆ ಪಾಲಿಶ್ ಹಿಡಿದು, ಅದರ ಪುಡಿಯನ್ನೆಲ್ಲ ಎದೆಗೂಡಿನಲ್ಲಿ ತುಂಬಿಕೊಂಡವನು. ಅವನ ಮೂಗಿಗೆ ಉಸಿರು ಒದಗಿಸುವ ಆಕ್ಸಿಜನ್ ಯಂತ್ರ ಆ ಇನ್ವರ್ಟರಿನಿಂದಲೇ ಓಡುತ್ತಿತ್ತು. ಸಂಜೆಯ ಬಿರುಗಾಳಿಗೆ ಕಂಬಗಳು ಉರುಳಿ ಸೇಡಂ ಸುತ್ತಲೆಲ್ಲ ಕತ್ತಲು. ಮಾಳಿಗೆಯ ಸೋಲಾರ್ ಹಲಗೆಗಳು ತುಂಬಿಕೊಡುವ ಬ್ಯಾಟರಿ, ತಿಂಗಳ ಹಿಂದೆ ಬೆಳಗಿನವರೆಗೆ ತಡೆಯುತ್ತಿದ್ದದ್ದು, ದಿನದಿನಕ್ಕೆ ಸೊರಗಿ ಈಗ ನಸುಕಿನ ನಾಲ್ಕಕ್ಕೇ ಕೈಕೊಡುತ್ತಿತ್ತು.

"ಅಕ್ಕೋರ, ಬಾಗಲಾ ತೆಗೀರಿ! ನಾ ಮಜೀದ!"

ಪಕ್ಕದ ಮನೆಯ ಅಬ್ದುಲ್ ಮಜೀದ. ನಿನ್ನೆಯಷ್ಟೇ ಓಣಿಯ ನಾಲ್ಕು ಜನರೆದುರು ಅವಳು ಅವನನ್ನು ಕರೆಂಟುಗಳ್ಳನೆಂದು ಝಾಡಿಸಿದ್ದಳು. ಎರಡು ಮಾಳಿಗೆಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ತಂತಿ ಎಳೆಯಲು ಎಷ್ಟು ಹೊತ್ತು?

"ಮತ್ತೇನ ಒಯ್ಯಾಕ ಬಂದೀರಿ?" ಎಂದು ಒಳಗಿನಿಂದಲೇ ಕೂಗಿದಳು.

"ಒಯ್ಯಾಕಲ್ರಿ, ಕೊಡಾಕ ಬಂದೀನಿ! ನಿಮ್ಮ ಮಷೀನ ಚೀರಾಕತ್ತಿದ್ದು ನಮ್ಮನಿತನಕ ಕೇಳಸ್ತದ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದೀನಿ, ಕೈ ಹರದ ಬೀಳಾಕತ್ತಾವ!"

ಆ ಕ್ಷಣಕ್ಕೆ ಯಂತ್ರ ನಿಂತಿತು. ಅಣವೀರನ ಎದೆ ಕುಲುಮೆಯ ತಿದಿಯಂತೆ ಏರಿಳಿಯಿತು. ಸುಜಾತಾ ಓಡಿಹೋಗಿ ಚಿಲಕ ತೆಗೆದಳು.

ಮಜೀದ ತಂತಿಗಳನ್ನು ತಾನು ತಂದ ಬ್ಯಾಟರಿಗೆ ಬದಲಿಸಿದ. ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು. ಯಂತ್ರ ಗುರ್ರೆಂದು ಎದ್ದಿತು.

"ಎರಡು ತಾಸು ತಡೀತದ. ಆದರ ಹೊತ್ತು ಹೊಂಟ ಮ್ಯಾಲ ನಿಮ್ಮ ಹಲಗಿ ಕೆಲಸ ಮಾಡಬೇಕಲ್ಲ? ಬರ್ರಿ, ನನ್ನ ಕಳ್ಳತನ ತೋರಸ್ರಿ," ಎಂದ ಅವನು ಮೆಟ್ಟಿಲೇರುತ್ತ. "ಸ್ನಾನದ ಸೋಲಾರ್ ಕೊಳವ್ಯಾಗ ನೀರರ ಕಾಯಾಕತ್ತಾವೇನು?"

"ಎಲ್ಲಿ ಕಾಯ್ತಾವ? ಅವೂ ಬರೇ ಉಗುರಬೆಚ್ಚಗ ಬರ್ತಾವ."

"ವೈರ್ ಎಳದ ಕರೆಂಟ ಕದ್ದೆ ಅನ್ರಿ. ಬಿಸಿಲಿನ ಕಾವು ಯಾವ ಚೀಲದಾಗ ತುಂಬಿಕೊಂಡು ಹೋಗ್ಲಿ?"

ಸುಜಾತಾ ಅವನ ಹಿಂದೆಯೇ ಹತ್ತಿ ಟಾರ್ಚು ಹಚ್ಚಿದಳು. ಟಾರ್ಚಿನ ಬೆಳಕು ಮಾಳಿಗೆಯ ಮೂಲೆಮೂಲೆ ಸುತ್ತಿತು. ಎಲ್ಲಿಯೂ ಕಳ್ಳತಂತಿಯಿಲ್ಲ. ಮಜೀದ ಹಲಗೆಯ ಗಾಜಿನ ಮೇಲೆ ಬೆರಳಾಡಿಸಿದ. ಆಮೇಲೆ ಉಗುರಿನಿಂದ ಕೆರೆದ. ಕರ್ ಎಂಬ ಸದ್ದು.

"ಧೂಳಲ್ಲ ಇದು, ಗಚ್ಚು! ಸಿಮೆಂಟ್ ಫ್ಯಾಕ್ಟರಿಯಿಂದ ಗಾಳಿಗಿ ಬಂದ ಪುಡಿ ಒಣಪುಡಿಯಾಗೇ ಇದ್ದರ ಒಂದು ಅರಿವಿಲೆ ಒರಸಿದ್ರ ಹೋಗ್ತಿತ್ತು. ಇದಕ್ಕ ಯಾರೋ ದಿನಾ ನಾಕ ಹನಿ ನೀರ ಚಿಮಕಿಸ್ಯಾರ. ಪದರಿನ ಮ್ಯಾಲ ಪದರ ಕಲ್ಲಾಗೇದ. ನೀರಿನ ಕೊಳವಿಗೂ ಹಾಂಗೇ ಹಿಡದದ. ಬಿಸಿಲು ಒಳಗ ಹ್ಯಾಂಗ ಹೋಗಬೇಕು?"

ಸುಜಾತಾ ಆ ಗಚ್ಚನ್ನು ತಾನೂ ಮುಟ್ಟಿ ನೋಡಿದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು.

ಅವಳ ಹಿಂದೆಯೇ ಬಂದ ಮಜೀದ ಮಂಚದ ಬಳಿ ಬಾಗಿ ಕೇಳಿದ: "ಅಣವೀರಣ್ಣಾ, ನಿಮ್ಮ ಮಾಳಗಿ ಮ್ಯಾಲ ದಿನಾ ಯಾರ ಹೋಗ್ತಾರ?"

ಅಣವೀರ ಉಸಿರು ಕೂಡಿಸಿಕೊಂಡ. ಅವನ ಬತ್ತಿದ ಮುಖದಲ್ಲಿ ಹೆಮ್ಮೆ ಮೂಡಿತು.

"ಅಂಗಳಕ್ಕ ನೀರ ಥಳಿ ಹೊಡದು, ಉಳಿದ ಚರಗಿ ನೀರು ಒಯ್ದು ಸೂರ್ಯಪ್ಪನ ಹಲಗಿ-ಕೊಳವಿಗೂ ಚಿಮಕಿಸ್ತಾಳ... ನಾ ಬದಕಲಿ ಅಂತ. ತಿಂಗಳ ಹಿಂದ ಮೂಗಿಗಿ ಈ ನಳಿಕಿ ಹಚ್ಚಿದಾಗಿಂದ ಒಂದಿನಾನೂ ತಪ್ಪಿಸಿಲ್ಲ ನೋಡು... ನಮ್ಮ ಸುಜಾತಾ."