ಡ್ಯಾಶ್‌ಬೋರ್ಡಿನ ಗಿಳಿ

ಮುಚ್ಚಿದ್ದ ಕಾಗದವನ್ನು ಪೇಂಟರ್ ಉತ್ತಮ ಬಿಚ್ಚಿದಾಗ, ಹಳೇ ಅಂಬಾಸಿಡರಿನ ಡ್ಯಾಶ್‌ಬೋರ್ಡಿನ ಮೇಲೆ ಹಸಿರು ಗಿಳಿಯ ಸ್ಟಿಕರ್ ಕೊಕ್ಕಿನ ಸಮೇತ ಹಾಗೇ ಇತ್ತು. ಟೇಪ್ ಹಚ್ಚಿದ್ದರೆ ಕಿತ್ತು ಬರುತ್ತಿತ್ತು. ಅದಕ್ಕೇ ಗ್ರೀಸ್ ಸವರಿ, ಕಾಗದ ಕೂರಿಸಿ, ಸುತ್ತಲೂ ಬಣ್ಣ ಹೊಡೆದಿದ್ದ. ಪಕ್ಕದ ‘ಧೂಮಪಾನ ನಿಷೇಧ’ವೂ ಉಳಿದಿತ್ತು.

ಅಮೋಘಸಿದ್ದಪ್ಪ ಮೂವತ್ತು ವರ್ಷ ಈ ಕಾರನ್ನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಾಡಿಗೆಗೆ ಓಡಿಸಿದವರು. ಬಣ್ಣವೇ ಬೇಡವೆಂದಿದ್ದ ಅವರನ್ನು, ಸ್ಟಿಕರ್ ಮುಟ್ಟುವುದಿಲ್ಲವೆಂದು ಹೇಳಿ ಒಪ್ಪಿಸಿದ್ದವಳು ಮಗಳು ಸಾಕ್ಷಿ. ಈಗ ಸೀಟಿನಲ್ಲಿ ಕೂತು ಗಿಳಿಯನ್ನು ನೋಡಿದರು. “ಈ ಗಾಡಿ ನಂದಲ್ಲ,” ಎಂದರು.

“ಯಾಕ್ರಿ ಕಾಕಾ? ಎಲ್ಲಾ ಉಳಿಸೇನ್ರಿ,” ಎಂದ ಉತ್ತಮ. “ಸ್ಟೇರಿಂಗ್ ಬಾಜೂಕ ಸುಣ್ಣ ಗಟ್ಟಿ ಕೂತಿತ್ತು. ಅದನ್ನಷ್ಟ ಅರ್ಧ ದಿವಸ ತಿಕ್ಕಿ ತೆಗದೇನ್ರಿ.”

ಮುದುಕರು ಜೇಬಿಗೆ ಕೈ ಹಾಕಿದರು. ಡಬ್ಬಿ ತೆಗೆದು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ, ಬಾಯಿಗಿಟ್ಟುಕೊಂಡರು. ಬೆರಳಿಗೆ ಉಳಿದ ಸುಣ್ಣವನ್ನು, ಅತ್ತ ನೋಡದೆಯೇ, ಸ್ಟೇರಿಂಗ್ ಪಕ್ಕದ ಹೊಸ ಬಣ್ಣಕ್ಕೆ ಒರೆಸಿದರು. ಬಟ್ಟೆ ಹಿಡಿದು ಉತ್ತಮ ಮುಂದೆ ಬಾಗಿದ.

“ಮುಟ್ಟಬ್ಯಾಡಪಾ ಅದನ್ನ,” ಎಂದು ಅವನ ಕೈ ಸರಿಸಿದ ಅಮೋಘಸಿದ್ದಪ್ಪ, ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿದರು. “ಸಾಕ್ಷಿ, ನನ್ನ ಗಾಡಿ ಚಾವಿ ಕೊಡವಾ.”