ಅತ್ತೆಯ ಹಾಸಿಗೆ

ಬಿಸಿಲಿಗೆ ಕಾದ ಬೂರುಗದ ಹತ್ತಿಯ ವಾಸನೆ ಬಂದರೆ ಈಗಲೂ ನನಗೆ ಅತ್ತೆಯ ನೆನಪಾಗುತ್ತದೆ. ಅಪ್ಪನ ತಂಗಿ ಆಕೆ. ಮದುವೆಯಾದ ಮರುವರ್ಷವೇ ಗಂಡ ಮಲೇರಿಯಾದಲ್ಲಿ ತೀರಿಕೊಂಡ ಮೇಲೆ ಕೊಪ್ಪದ ನಮ್ಮ ಮನೆಗೆ ಮರಳಿದ್ದಳು.

ಒಂದು ಮಧ್ಯಾಹ್ನ ಅಜ್ಜಿ, ಅತ್ತೆಯ ಮದುವೆಗೆಂದು ಹೊಲಿಸಿದ್ದ ಹಾಸಿಗೆಯನ್ನು ಅಂಗಳಕ್ಕೆ ತಂದು ಬಿಚ್ಚಿದಳು.

"ಇನ್ಮೇಲೆ ನಿಂಗೆ ಚಾಪೆ ಸಾಕಲ್ಲ ಮಾರಾಯ್ತಿ. ಇದ್ರಲ್ಲಿ ಮಕ್ಕಳಿಗೆ ದಿಂಬು ಮಾಡುವ."

"ಹೂಂ," ಎಂದ ಅತ್ತೆ, ತಾನೇ ಕೂತು ಗಂಟುಗಟ್ಟಿದ ಹತ್ತಿಯನ್ನು ಬಿಡಿಸತೊಡಗಿದಳು.

"ಅತ್ತೆ, ನಿಂಗೆ ಬೇಜಾರಿಲ್ವಾ?" ಎಂದು ಕೇಳಿದೆ.

"ಎಂತ ಬೇಜಾರು ಕೂಸೆ? ಆ ಬೀಜ ಆರಿಸು."

ಗಾಳಿಗೆ ಅವಳ ಸೆರಗು ಜಾರಿತು. ಹಾರಿದ ಹತ್ತಿ, ಬೋಳಿಸಿದ ತಲೆಯ ತುಂಬ ಅಂಟಿಕೊಂಡಿತು. ತೆಗೆಯಲು ನಾನು ಕೈ ಚಾಚಿದೆ.

"ಇರ್ಲಿ ಬಿಡು," ಎಂದವಳು ಸೆರಗನ್ನೂ ಸರಿಪಡಿಸದೆ, ನನಗೆ ಕೊಡಬೇಕಾದ ದಿಂಬಿನೊಳಗೆ ಹತ್ತಿ ತುಂಬುತ್ತಲೇ ಇದ್ದಳು.